‘ನಿರಾಶ್ರಿತ’ ಎಂಬ ಮಾತನ್ನು ಕುರಿತು

ಕಾವ್ಯವನ್ನೋ ಕಾದಂಬರಿಯನ್ನೋ ಎದುರಿಗಿಟ್ಟುಕೊಂಡು ಅದರ ಗುಣದೋಷಗಳನ್ನು ಎಣಿಸುವುದು ವಿಮರ್ಶೆಯ ರೂಢಿಯ ಕೆಲಸ. ಪ್ರಸ್ತುತ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಒಂದು ಪದವನ್ನು ಮತ್ತು ಆ ಪದದ ಸುತ್ತ ಬೆಳೆದ ಕೆಲವು ಸರ್ಕಾರಿ ಬರಹಗಳನ್ನು. ಸರ್ಕಾರದ ಬರಹಕ್ಕೆ ಸಾಹಿತ್ಯವಿಮರ್ಶೆಯ ಅಳತೆಗೋಲು ಸಲ್ಲುವುದೆ ಎಂದು ವಾಚಕರು ಕೇಳಬಹುದು. ಕಾವ್ಯದಲ್ಲಿ ಒಂದು ಪದ ತಪ್ಪಿದರೆ ರಸಭಂಗವಾಗುತ್ತದೆ, ಓದುಗನು ಪುಸ್ತಕವನ್ನು ಮುಚ್ಚಿಡುತ್ತಾನೆ. ಒಪ್ಪಂದದಲ್ಲಿ, ಕಾಯಿದೆಯಲ್ಲಿ ಪದ ತಪ್ಪಿದರೆ ಮೂರು ತಲೆಮಾರಿನ ಜನ ಶಿಬಿರದಲ್ಲಿ ಮುದುಕರಾಗುತ್ತಾರೆ. ಹೀಗಿರಲಾಗಿ ಆ ಬರಹಗಳನ್ನು ಹೆಚ್ಚು ಎಚ್ಚರದಿಂದ ಓದತಕ್ಕದ್ದೇ ನ್ಯಾಯವೆಂದು ನಾವು ತಿಳಿದಿದ್ದೇವೆ.

ವಿಷಯ ದೂರದ್ದಲ್ಲ. ಮಾನಂದವಾಡಿಯಿಂದ ತಲಪ್ಪುಳದ ಕಡೆಗೆ ಹೋಗಿ ಬೆಟ್ಟವೇರಿದರೆ ಕಂಬಮಲೆ ಎಂಬ ಚಹಾ ತೋಟವುಂಟು. ಕೇರಳ ಅರಣ್ಯ ಅಭಿವೃದ್ಧಿ ನಿಗಮದ ಆ ತೋಟವು ಸಿಂಹಳದಿಂದ ಬಂದ ತಮಿಳು ಕೂಲಿಕಾರರಿಗೆ ಜೀವನೋಪಾಯ ಕಲ್ಪಿಸುವ ಸಲುವಾಗಿ ಎದ್ದದ್ದು. ನಮ್ಮ ಜಿಲ್ಲೆಗೆ ಅಂಟಿಕೊಂಡಿರುವ ಗೂಡಲೂರು, ಪಂದಲೂರುಗಳಲ್ಲಿ (1877ರಲ್ಲಿ ನೀಲಗಿರಿಗೆ ಸೇರುವ ತನಕ ಆ ಸೀಮೆಯೂ ವಯನಾಡೇ ಆಗಿತ್ತು) ತಮಿಳುನಾಡು ಸರ್ಕಾರದ ಚಹಾ ನಿಗಮದ ತೋಟಗಳು ಇದೇ ಜನಕ್ಕಾಗಿ ಹುಟ್ಟಿದವು. ಕನ್ನಡ ನಾಡಿನೊಳಗೆ ಸುಳ್ಯ, ಪುತ್ತೂರುಗಳ ಸುತ್ತಿನಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಿವೆ. ಅಲ್ಲಿಯೂ ಮರದ ಹಾಲು ತೆಗೆಯುವವರು ಇವರೇ. ಇವರು ಎರಡು ಸರ್ಕಾರಗಳ ಒಪ್ಪಂದದ ಮೇರೆಗೆ ಭಾರತದ ಪೌರರಾಗಿ ಬಂದವರು, ಮತ ಹಾಕುವವರು. ಆದರೂ ಸುಳ್ಯದ ಸುದ್ದಿ ಬರೆಯುವ ಕನ್ನಡ ಪತ್ರಿಕೆಗಳಲ್ಲಿ ಇವರ ಹೆಸರು ಇಂದಿಗೂ ‘ಶ್ರೀಲಂಕಾ ನಿರಾಶ್ರಿತರು’, ‘ತಮಿಳು ನಿರಾಶ್ರಿತರು’ ಎಂದೇ. ಐವತ್ತು ವರ್ಷದಿಂದ ಸ್ವಂತ ದೇಶದಲ್ಲಿ ಮನೆ ಮಾಡಿಕೊಂಡಿರುವವನು ಯಾವ ಅರ್ಥದಲ್ಲಿ ನಿರಾಶ್ರಿತ?

ಪದವನ್ನೇ ಮೊದಲು ಬಿಡಿಸಿ ನೋಡೋಣ. ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿಕೊಟ್ಟ ಒಂದು ಪಾಠವೆಂದರೆ, ಹೊಸ ಪದ ಬಂದಾಗ ಮಕ್ಕಳಿಂದ ಅದರ ವಿರುದ್ಧ ಪದವನ್ನು ಹೇಳಿಸಬೇಕು, ಆಗ ಅರ್ಥದ ಅಂಚು ಕಾಣುತ್ತದೆ ಎಂಬುದು. ‘ನಿರಾಶ್ರಿತ’ಕ್ಕೆ ವಿರುದ್ಧ ಪದ ‘ಆಶ್ರಿತ’. ಆಶ್ರಿತನೆಂದರೆ ಇನ್ನೊಬ್ಬರನ್ನು ನೆಮ್ಮಿ ಬದುಕುವವನು, ಅವರ ಅನ್ನದ ಋಣದಲ್ಲಿರುವವನು. ಅಂದಮೇಲೆ ಈ ಜೋಡಿಯಲ್ಲಿ ಮನುಷ್ಯನಿಗೆ ಇರುವ ದಾರಿ ಎರಡೇ: ಒಂದೋ ಯಾರ ನೆರವೂ ಇಲ್ಲದವನಾಗಿರಬೇಕು, ಇಲ್ಲವೇ ಯಾರದೋ ಹಂಗಿನಲ್ಲಿರಬೇಕು. ಸ್ವತಂತ್ರನಾಗಿ ನಿಲ್ಲುವ ಮೂರನೆಯ ಸ್ಥಾನವನ್ನು ಈ ಪದ ಒದಗಿಸುವುದಿಲ್ಲ. ಅಷ್ಟೇ ಅಲ್ಲ, ಅದು ಒಂದು ಕೊರತೆಯನ್ನು ಮಾತ್ರ ಹೇಳುತ್ತದೆ. ಇವನು ಯಾವುದಕ್ಕೆ ಹೆದರಿ ಬಂದ, ಯಾರು ಅಟ್ಟಿದರು, ಏನನ್ನು ಕೇಳುತ್ತಿದ್ದಾನೆ, ಯಾರನ್ನು ಕೇಳುತ್ತಿದ್ದಾನೆ ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಎಡೆಯಿಲ್ಲ.

ಮೂರು ನಾಡುಗಳು ಕೂಡುವ ಈ ಜಿಲ್ಲೆಯಲ್ಲಿ ಒಂದು ಅನುಕೂಲವುಂಟು. ಒಂದೇ ದಿನ ಸಂತೆಯಲ್ಲಿ ಮೂರು ಭಾಷೆ ಕಿವಿಗೆ ಬೀಳುತ್ತದೆ, ಹೋಲಿಸಿ ನೋಡಬಹುದು. ತಮಿಳಿನವರು ‘ಅಗದಿ’ ಎನ್ನುತ್ತಾರೆ. ಅದು ಗತಿಯಿಲ್ಲದವನೆಂಬ ಅರ್ಥದ ಮಾತು, ನಮ್ಮ ‘ನಿರಾಶ್ರಿತ’ದ ಸೋದರ. ಮಲೆಯಾಳಿಗಳು ‘ಅಭಯಾರ್ಥಿ’ ಎನ್ನುತ್ತಾರೆ. ಈ ಮಾತಿನಲ್ಲಿ ಭಯವಿದೆ, ಭಯದಿಂದ ಬಿಡುಗಡೆಯ ಬೇಡಿಕೆಯಿದೆ, ಅಭಯ ಕೊಡಬಲ್ಲ ಒಬ್ಬನು ಎದುರಿಗೆ ನಿಂತಿದ್ದಾನೆಂಬ ಸೂಚನೆಯೂ ಇದೆ. 1951ರ ಜಿನೀವಾ ಒಡಂಬಡಿಕೆ ಇಂಥವರಿಗೆ ಕೊಟ್ಟ ಲಕ್ಷಣದ ನಡುವೆ ಇರುವುದೂ ಕಾರಣವುಳ್ಳ ಭಯವೇ ಎಂಬುದನ್ನು ನೆನೆದರೆ ನೆರೆಯವರ ಪದ ಎಷ್ಟು ನೇರವಾಗಿ ವಿಷಯಕ್ಕೆ ತಾಗಿದೆ ಎಂದು ಸಂತೋಷವಾಗುತ್ತದೆ. ಹಿಂದಿಯ ‘ಶರಣಾರ್ಥಿ’ಯೂ ಬೇಡಿಕೆಯನ್ನೇ ಹೇಳುತ್ತದೆ. ಆದರೆ ದೇಶ ಒಡೆದಾಗ ಪಂಜಾಬಿನಿಂದ ಬಂದವರಲ್ಲಿ ಅನೇಕರು ಆ ಮಾತನ್ನೂ ಒಪ್ಪದೆ, ತಾವು ಶರಣಾರ್ಥಿಗಳಲ್ಲ ಪುರುಷಾರ್ಥಿಗಳೆಂದು ಹೇಳಿಕೊಂಡರು. ಕನ್ನಡದಲ್ಲಿ ‘ಶರಣಾರ್ಥಿ’ ಬೇರೆಯೇ ಬಾಳು ಬಾಳಿದ ಮಾತು. ಶರಣರ ಬಳಗದಲ್ಲಿ ಒಬ್ಬರನ್ನೊಬ್ಬರು ಕಂಡಾಗ ಕೈಮುಗಿದು ಹೇಳುವ ‘ಶರಣು ಶರಣಾರ್ಥಿ’ಯಲ್ಲಿ ಮೇಲು ಕೀಳೆಂಬುದಿಲ್ಲ, ಆಡಿದವನೂ ಕೇಳಿದವನೂ ಇಬ್ಬರೂ ಶರಣಾರ್ಥಿಗಳೇ. ಈ ಮಾತನ್ನು ಕಚೇರಿಯ ಕಡತಕ್ಕೆ ಇಳಿಸದೆ ಉಳಿಸಿಕೊಂಡದ್ದು ಒಳ್ಳೆಯದೇ ಆಯಿತು.

ಹಾಗಾದರೆ ಕನ್ನಡದಲ್ಲಿ ಬೇರೆ ಮಾತು ಇರಲಿಲ್ಲವೆ? ಇತ್ತು. ‘ಮರೆವೊಗು’ ಎಂಬುದು ನಮ್ಮ ಹಳೆಯ ಕ್ರಿಯಾಪದ. ಆಪತ್ತಿಗೆ ಸಿಕ್ಕವನು ಇನ್ನೊಬ್ಬನ ಮರೆಯನ್ನು ಹೋಗಿ ಹೊಗುತ್ತಾನೆ, ಅವನು ಮರೆಹೊಕ್ಕವನು. ಇಲ್ಲಿ ಬಂದವನೇ ಕರ್ತೃ. ಅವನು ನಡೆದು ಬಂದಿದ್ದಾನೆ, ಒಂದು ಬಾಗಿಲನ್ನು ಆರಿಸಿಕೊಂಡಿದ್ದಾನೆ, ಒಳಗೆ ಕಾಲಿಟ್ಟಿದ್ದಾನೆ. ಆ ಕ್ಷಣದಿಂದ ಪರೀಕ್ಷೆ ಅವನದಲ್ಲ, ಮನೆಯೊಡೆಯನದು. ಮರೆಹೊಕ್ಕವರನ್ನು ಕಾಯುವುದನ್ನು ಶಾಸನಗಳು ವೀರರ ಗುಣವಾಗಿ ಹಾಡಿವೆ. ‘ಶರಣಾಗತ ವಜ್ರಪಂಜರ’ ಎಂಬುದು ಅರಸರೂ ಸಾಮಂತರೂ ಹೆಮ್ಮೆಯಿಂದ ಧರಿಸಿದ ಬಿರುದು. ಬಿರುದು ಹೊತ್ತವರೆಲ್ಲ ಹಾಗೆಯೇ ನಡೆದುಕೊಂಡರೆಂದು ನಾವು ಹೇಳುವುದಿಲ್ಲ. ಶಾಸನಕವಿಗೆ ಹೊಗಳುವುದೇ ವೃತ್ತಿ. ಆದರೆ ಹೊಗಳಲು ಅವನು ಯಾವ ಗುಣವನ್ನು ಆರಿಸಿಕೊಂಡ ಎಂಬುದು ಮುಖ್ಯ. ಬಂದವನ ಕೊರತೆಯನ್ನು ಎಣಿಸದೆ ಕಾದವನ ಕೀರ್ತಿಯನ್ನು ಎಣಿಸುವ ಈ ಪದವನ್ನು ಬದಿಗಿಟ್ಟು, ಕೊರತೆಯನ್ನೇ ಹೆಸರಾಗಿ ಅಂಟಿಸುವ ಪದವನ್ನು ನಮ್ಮ ಪತ್ರಿಕೆಗಳು ಹಿಡಿದವು.

ಇನ್ನು ಬರಹಗಳಿಗೆ ಬರೋಣ. ಕಂಬಮಲೆಯ ಕಥೆ ಹುಟ್ಟುವುದು 1964ನೆಯ ಅಕ್ಟೋಬರ್ 30ರಂದು ಲಾಲ್ ಬಹಾದೂರ್ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದಲ್ಲಿ. ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿಯ ತೋಟಗಾರರು ಸಿಂಹಳದ ಬೆಟ್ಟಗಳಲ್ಲಿ ಮೊದಲು ಕಾಫಿಯನ್ನೂ ಅದು ರೋಗದಿಂದ ಹಾಳಾದ ಮೇಲೆ ಚಹಾವನ್ನೂ ಬೆಳೆಸಲು ತಮಿಳು ಜಿಲ್ಲೆಗಳಿಂದ ಕೂಲಿಗಳನ್ನು ಕರೆದೊಯ್ದರು. ಅದೇ ಶತಮಾನದಲ್ಲಿ ಅಂಥವರೇ ನಮ್ಮ ವಯನಾಡಿನ ಕಾಡನ್ನೂ ಕಡಿದು ಕಾಫಿ ನೆಟ್ಟರೆಂಬುದನ್ನು ಇಲ್ಲಿಯ ವಾಚಕರಿಗೆ ಹೇಳಬೇಕಾಗಿಲ್ಲ. 1948ರಲ್ಲಿ ಸಿಂಹಳ ಸ್ವತಂತ್ರವಾದೊಡನೆ ಆದ ಪೌರತ್ವ ಕಾಯಿದೆಯು ತಂದೆ, ಅಜ್ಜಂದಿರ ಜನನದ ದಾಖಲೆ ಕೇಳಿತು. ತೋಟದ ಸಾಲುಮನೆಯಲ್ಲಿ ಹುಟ್ಟಿದ ಕೂಲಿಯ ಅಜ್ಜನಿಗೆ ಎಲ್ಲಿಯ ದಾಖಲೆ? ಲಕ್ಷಾಂತರ ಮಂದಿ ಒಮ್ಮೆಗೇ ಯಾವ ದೇಶಕ್ಕೂ ಸೇರದವರಾದರು.

1964ರ ಒಪ್ಪಂದ ಇವರನ್ನು ಹೆಸರಿಸುವ ಬಗೆಯನ್ನು ನೋಡಬೇಕು. ‘ಭಾರತೀಯ ಮೂಲದ ವ್ಯಕ್ತಿಗಳು’ ಎಂಬುದು ಅಲ್ಲಿಯ ಮಾತು. ಒಟ್ಟು ಲೆಕ್ಕ ಸುಮಾರು 9,75,000. ಅದರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಂಹಳಕ್ಕೆ. ಉಳಿದ 1,50,000 ಮಂದಿಯ ವಿಚಾರ ಮುಂದೆ ನೋಡಿಕೊಳ್ಳುವುದು. ಮುಂದೆ ನೋಡಿಕೊಂಡದ್ದು 1974ರಲ್ಲಿ: ಅವರನ್ನು 75,000ದಂತೆ ಸರಿಯಾಗಿ ಎರಡು ಪಾಲು ಮಾಡಿದರು. 525ಕ್ಕೂ 300ಕ್ಕೂ ಇರುವ ಅನುಪಾತ 7:4 ಎಂಬುದನ್ನು ನಮ್ಮ ಶಾಲೆಯ ಮಗುವೂ ಹೇಳಬಲ್ಲದು. ಏಳು ಮಂದಿ ಆಚೆ ಹೋದರೆ ನಾಲ್ಕು ಮಂದಿಗೆ ಈಚೆ ಪೌರತ್ವ ಎಂಬ ಲೆಕ್ಕದಲ್ಲಿಯೇ ಕೆಲಸ ನಡೆಯಿತು. ಅಡಕೆಯ ಚೀಲವನ್ನು ಅಣ್ಣತಮ್ಮಂದಿರು ಹಂಚಿಕೊಂಡಂತೆ ಕಾಣುವ ಈ ಗದ್ಯದ ವ್ಯಾಕರಣವನ್ನು ಗಮನಿಸಿರಿ. ಕ್ರಿಯಾಪದಗಳೆಲ್ಲ ಕರ್ಮಣಿ ಪ್ರಯೋಗದಲ್ಲಿವೆ. ಜನ ಕಳುಹಿಸಲ್ಪಡುತ್ತಾರೆ, ಸ್ವೀಕರಿಸಲ್ಪಡುತ್ತಾರೆ, ಅವರಿಗೆ ಪೌರತ್ವ ಕೊಡಲ್ಪಡುತ್ತದೆ. ‘ಹೋಗುತ್ತಾರೆ’, ‘ಇರುತ್ತಾರೆ’, ‘ಬಯಸುತ್ತಾರೆ’ ಎಂಬ ಕ್ರಿಯೆಗಳಿಗೆ ಆ ಗದ್ಯದಲ್ಲಿ ಜಾಗವಿಲ್ಲ. ತೋಟದ ಕಾರ್ಮಿಕರ ನಾಯಕ ಸೌಮ್ಯಮೂರ್ತಿ ತೊಂಡಮಾನ್ ಈ ಒಪ್ಪಂದವನ್ನು ವಿರೋಧಿಸಿದರು. ಆದರೆ ಒಪ್ಪಂದ ಮಾತನಾಡುತ್ತಿದ್ದುದು ಇಬ್ಬರು ಪ್ರಧಾನಿಗಳ ನಡುವೆ. ಒಂದೇ ಮನೆಯ ಅಣ್ಣ ಒಂದು ಪಟ್ಟಿಗೆ, ತಮ್ಮ ಇನ್ನೊಂದು ಪಟ್ಟಿಗೆ ಸೇರಿದುದುಂಟು.

‘ಮೂಲ’ ಎಂಬ ಮಾತಿನ ಬಗ್ಗೆ ನಮಗೆ ವಿಶೇಷ ಕುತೂಹಲವುಂಟು. ಮೂಲ ಎಷ್ಟು ತಲೆಮಾರು ಬಾಳುತ್ತದೆ? ನಮ್ಮ ಸಂಘದ ಸದಸ್ಯರ ಮನೆಗಳನ್ನೇ ತೆಗೆದುಕೊಳ್ಳಬಹುದು. ವಯನಾಡಿನ ಜೈನ ಗೌಡರ ಮನೆತನಗಳು ಕನ್ನಡ ನಾಡಿನ ಕಡೆಯಿಂದ ಬಂದವೆಂಬುದು ಪ್ರಸಿದ್ಧ. ಇಲ್ಲಿಯ ಅಂಗಡಿ ಬೀದಿಗಳಲ್ಲಿ ಗುಂಡ್ಲುಪೇಟೆಯಿಂದ ಅಜ್ಜನ ಕಾಲದಲ್ಲಿ ಬಂದವರೂ ಇದ್ದಾರೆ. ಇವರೆಲ್ಲ ‘ಮೈಸೂರು ಮೂಲದ ವ್ಯಕ್ತಿಗಳು’ ಎಂದು ಒಂದು ಕಾಗದದಲ್ಲಿ ಬರೆದು, ತಿರುವನಂತಪುರದವರೂ ಬೆಂಗಳೂರಿನವರೂ ಏಳಕ್ಕೆ ನಾಲ್ಕರಂತೆ ಹಂಚಿಕೊಂಡರೆ ಹೇಗಿದ್ದೀತು? ಹಾಸ್ಯಾಸ್ಪದವೆನಿಸುತ್ತದೆ. ಸಿಂಹಳದ ಬೆಟ್ಟದಲ್ಲಿ ಹುಟ್ಟಿದ ಹುಡುಗನಿಗೂ ಅಷ್ಟೇ ಹಾಸ್ಯಾಸ್ಪದವಾಗಿ ಕಂಡಿರಬೇಕು. ಆದರೆ ಅವನನ್ನು ಹಡಗು ಹತ್ತಿಸಿದರು.

ಹಡಗಿನಿಂದ ಇಳಿದವನಿಗೆ ತಮಿಳಿನಲ್ಲಿ ಕೊಟ್ಟ ಹೆಸರು ‘ತಾಯಗಂ ತಿರುಂಬಿಯೋರ್’, ತಾಯ್ನಾಡಿಗೆ ಮರಳಿದವರು. ಕಿವಿಗೆ ಇಂಪಾದ ಮಾತು. ಆದರೆ ‘ಮರಳು’ ಎಂಬ ಕ್ರಿಯೆಗೆ ಒಂದು ನಿಬಂಧನೆಯುಂಟು: ಮೊದಲು ಅಲ್ಲಿಂದ ಹೊರಟಿರಬೇಕು. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಮರಳುವ ಮೊಮ್ಮಗನು ತನ್ನ ತಾಯಿಯಿರುವ ಕಡಲತಡಿಯ ಮನೆಗೆ ಮರಳುತ್ತಾನೆ, ಅದಕ್ಕಾಗಿಯೇ ಆ ಹೆಸರು ಒಪ್ಪುತ್ತದೆ. ಹ್ಯಾಟನ್ನಿನಲ್ಲಿ ಹುಟ್ಟಿ ಅಲ್ಲಿಯೇ ಎಲೆ ಕಿತ್ತ ಹೆಂಗಸು ಎಂದೂ ಕಾಣದ ತಿರುಚಿನಾಪಳ್ಳಿಗೆ ಬಂದರೆ ಅದು ಮರಳುವಿಕೆಯಲ್ಲ, ಗಡೀಪಾರು. ‘ಮರಳಿದವರು’ ಎಂದು ಕರೆದುದರಿಂದ ಸರ್ಕಾರಗಳಿಗೆ ಆದ ಲಾಭವೇನೆಂದರೆ, ಯಾರನ್ನೂ ಅಟ್ಟಿದಂತೆ ಆಗಲಿಲ್ಲ. ಅಟ್ಟಿದವನಿಲ್ಲದ ಮೇಲೆ ಅಪರಾಧಿಯಿಲ್ಲ.

ಆದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಸುಳ್ಳಾದರೂ ಈ ಹೆಸರಿನಲ್ಲಿ ಒಂದು ಫಲವಿತ್ತು. ‘ಮರಳಿದವರು’ ಎಂಬ ಪಟ್ಟಿಯಲ್ಲಿ ಬಂದವರಿಗೆ ಪೌರತ್ವ ಸಿಕ್ಕಿತು, ತೋಟದಲ್ಲಿ ಕೆಲಸ ಸಿಕ್ಕಿತು, ಕಂಬಮಲೆಯಲ್ಲಿ ಮನೆ ಸಿಕ್ಕಿತು. 1983ರ ಹತ್ಯಾಕಾಂಡವಾದ ಮೇಲೆ ಬಂದವರ ಪಾಡು ಬೇರೆಯಾಯಿತು. ಇವರು ದೋಣಿ ಹಿಡಿದು ಬಂದರು. 1984ರಲ್ಲಿ ತಲೈಮನ್ನಾರಿನ ಹಡಗು ಸಂಚಾರವೂ ನಿಂತಿತು. ಹೀಗೆ ಬಂದವರಲ್ಲಿ ಬೆಟ್ಟದ ತೋಟಗಳವರೂ ಇದ್ದರು. ಅದೇ ಸಾಲುಮನೆ, ಅದೇ ಚಹಾ ಗಿಡ, ಅದೇ ‘ಭಾರತೀಯ ಮೂಲ’. ಆದರೆ ಇವರು ಬಂದ ಬಾಗಿಲು ಬೇರೆಯಾದುದರಿಂದ ಇವರಿಗೆ ಬೇರೆ ಹೆಸರಾಯಿತು, ಹೆಸರು ಬೇರೆಯಾದುದರಿಂದ ಬೇರೆ ಬಾಳಾಯಿತು. ಇವರು ‘ಅಗದಿ’ಗಳಾಗಿ ಶಿಬಿರ ಸೇರಿದರು. ಇಂದಿಗೂ ತಮಿಳುನಾಡಿನ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿ ಐವತ್ತು ಸಾವಿರಕ್ಕೂ ಮೀರಿದ ಜನ ಇದ್ದಾರೆ. ಅಲ್ಲಿಯೇ ಹುಟ್ಟಿ, ಓದಿ, ಮದುವೆಯಾಗಿ, ಮಕ್ಕಳನ್ನು ಪಡೆದವರೂ ಅವರಲ್ಲಿ ಸೇರಿದ್ದಾರೆ.

ಶಿಬಿರದ ಹೊರಗೆ ಜನರ ಬಾಯಲ್ಲಿ ಇವರಿಗೆ ‘ಅಗದಿ’ ಎಂಬ ಹೆಸರು. ಕಾಯಿದೆಯ ಪುಸ್ತಕದಲ್ಲಿ ಅದೂ ಇಲ್ಲ. ಭಾರತವು 1951ರ ಒಡಂಬಡಿಕೆಗೆ ಸಹಿ ಹಾಕಿಲ್ಲ, ಇಂಥವರಿಗಾಗಿ ಬೇರೆ ಕಾಯಿದೆಯನ್ನೂ ಮಾಡಿಲ್ಲ. ಬ್ರಿಟಿಷರ ಕಾಲದ 1946ರ ಕಾಯಿದೆಯಲ್ಲಿ ಪೌರನಲ್ಲದವನಿಗೆಲ್ಲ ಒಂದೇ ಹೆಸರು, ‘ವಿದೇಶೀಯ’. ತಾಜಮಹಲು ನೋಡಲು ಬಂದವನೂ ಜೀವ ಉಳಿಸಿಕೊಳ್ಳಲು ಬಂದವನೂ ಅಲ್ಲಿ ಸಮಾನರು. 2025ರಲ್ಲಿ ಅದರ ಬದಲು ಹೊಸ ಕಾಯಿದೆ ಬಂದಿದೆ. ‘ನಿರಾಶ್ರಿತ’ನಿಗೆ ಅದರಲ್ಲಿಯೂ ಬೇರೆ ಸ್ಥಾನವಿಲ್ಲ. ಇವೆರಡರ ನಡುವೆ 2003ರಲ್ಲಿ ಪೌರತ್ವ ಕಾಯಿದೆಗೆ ಮಾಡಿದ ತಿದ್ದುಪಡಿಯಿಂದ ‘ಅಕ್ರಮ ವಲಸಿಗ’ ಎಂಬ ಪದ ಒಳಗೆ ಬಂದಿತು. ತಕ್ಕ ಕಾಗದಪತ್ರವಿಲ್ಲದೆ ಬಂದವನು ಅಕ್ರಮ ವಲಸಿಗ. ಅವನು ಎಷ್ಟು ವರ್ಷ ಇದ್ದರೂ ಪೌರತ್ವಕ್ಕೆ ಅರ್ಜಿ ಹಾಕುವಂತಿಲ್ಲ. ಮನೆಗೆ ಬೆಂಕಿ ಬಿದ್ದಾಗ ಓಡುವವನು ಪಾಸ್‌ಪೋರ್ಟನ್ನು ಮುದ್ರೆ ಹಾಕಿಸಿಕೊಂಡು ಓಡಬೇಕೆಂದು ಈ ಲಕ್ಷಣದ ತಾತ್ಪರ್ಯ.

ಆ ವರ್ಷದ ಇನ್ನೊಂದು ಸಂಗತಿ ಸೋಜಿಗದ್ದು. ಅದೇ 2003ರಲ್ಲಿ ಶ್ರೀಲಂಕೆಯ ಸಂಸತ್ತು ಒಂದು ಕಾಯಿದೆ ಮಾಡಿ, 1964ರ ಅಕ್ಟೋಬರ್ 30ರಿಂದ ಅಲ್ಲಿ ನೆಲಸಿದ್ದ ಭಾರತೀಯ ಮೂಲದವರಿಗೂ ಅವರ ಸಂತತಿಗೂ ಪೌರತ್ವ ಕೊಟ್ಟಿತು. ಹೊರಗೆ ಹಾಕುವುದಕ್ಕೆ ಬಳಸಿದ್ದ ‘ಭಾರತೀಯ ಮೂಲ’ ಎಂಬ ಮಾತೇ, ಒಪ್ಪಂದವಾದ ಅದೇ ತಾರೀಖೇ, ಒಳಗೆ ಸೇರಿಸಿಕೊಳ್ಳುವುದಕ್ಕೆ ಆಧಾರವಾಯಿತು. ಒಂದು ಪದ ತನ್ನಷ್ಟಕ್ಕೆ ಕ್ರೂರವೂ ಅಲ್ಲ, ದಯಾಳುವೂ ಅಲ್ಲ, ಹಿಡಿದವನ ಕೈ ನೋಡಬೇಕು ಎನ್ನುವವರಿಗೆ ಇದು ಒಳ್ಳೆಯ ದೃಷ್ಟಾಂತ. ಈ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಹಿಡಿಯೇ ಇಲ್ಲದ ಕತ್ತಿಯನ್ನು ಒಳ್ಳೆಯ ಕೈಯೂ ಹಿಡಿಯಲಾರದು. ‘ಅಕ್ರಮ ವಲಸಿಗ’ ಎಂಬ ಪದದಲ್ಲಿ ಒಬ್ಬ ನ್ಯಾಯಾಧೀಶ ಎಷ್ಟೇ ಹುಡುಕಿದರೂ ಭಯಕ್ಕೆ ಎಡೆ ಸಿಗುವುದಿಲ್ಲ. 2019ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಮಧುರೆ ಪೀಠದ ಮುಂದೆ ಶಿಬಿರಗಳಲ್ಲಿರುವ ಬೆಟ್ಟದ ತಮಿಳರು ಬಂದಾಗ ಆದದ್ದೂ ಇದೇ. ನ್ಯಾಯಾಧೀಶರು ಮೂಲದ ಮಾತನ್ನು ಎತ್ತಿ ಅವರ ಅರ್ಜಿಗಳನ್ನು ಪರಿಶೀಲಿಸಿರೆಂದು ಹೇಳಿದರಾದರೂ, ತಾಂತ್ರಿಕವಾಗಿ ಇವರು ಅಕ್ರಮ ವಲಸಿಗರೆಂಬುದನ್ನು ದಾಟಿ ಹೋಗಲು ಕಾಯಿದೆಯ ಭಾಷೆ ಬಿಡಲಿಲ್ಲ. ಅದೇ ವರ್ಷದ ಕೊನೆಗೆ ಬಂದ ತಿದ್ದುಪಡಿ ಆ ಹೆಸರಿನಿಂದ ಕೆಲವರನ್ನು ಬಿಡಿಸಿತು. ಆದರೆ ಅದು ಹೆಸರಿಸಿದ ದೇಶಗಳು ಮೂರು: ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನ, ಹೆಸರಿಸಿದ ಮತಗಳು ಆರು. ಶ್ರೀಲಂಕೆ ಆ ಪಟ್ಟಿಯಲ್ಲಿಲ್ಲ.

2021ರ ಆಗಸ್ಟಿನಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಅವರು ಇವರು ಗತಿಯಿಲ್ಲದವರಲ್ಲವೆಂದು ವಿಧಾನಸಭೆಯಲ್ಲಿ ಹೇಳಿ, ‘ಅಗದಿ’ ಶಿಬಿರಗಳಿಗೆ ‘ಮರುವಾಳ್ವು’ ಶಿಬಿರಗಳೆಂದು, ಅಂದರೆ ಮರುಬದುಕಿನ ಶಿಬಿರಗಳೆಂದು ಹೆಸರಿಟ್ಟರು. ಪದದ ನೋವನ್ನು ಅರಿತ ಕೆಲಸ ಇದು. ಜೊತೆಗೆ ಹೊಸ ಮನೆಗಳ ಯೋಜನೆಯೂ ಬಂದಿತು. ಇದನ್ನು ಬರಿಯ ಬಣ್ಣವೆಂದು ಹಳಿಯಲು ನಮಗೆ ಮನಸ್ಸಿಲ್ಲ. ಆದರೆ ಪೌರತ್ವ ಕೊಡುವ ಅಧಿಕಾರ ರಾಜ್ಯದ್ದಲ್ಲ. ‘ಶಿಬಿರ’ ಎಂಬ ಶಬ್ದ ಹೆಸರಿನ ಕೊನೆಯಲ್ಲಿ ಹಾಗೆಯೇ ಕುಳಿತಿದೆ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರದ ಆದೇಶವೊಂದು, 2015ರ ಜನವರಿ 9ರವರೆಗೆ ಇಲ್ಲಿ ಬಂದು ಆಶ್ರಯ ಪಡೆದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರನ್ನು ಕಾಗದಪತ್ರವಿಲ್ಲದ ಅಪರಾಧದ ಶಿಕ್ಷೆಯಿಂದ ವಿನಾಯಿತಿಗೊಳಿಸಿತು. ‘ಆಶ್ರಯ’ ಎಂಬ ಅರ್ಥ ಸರ್ಕಾರದ ಲೇಖನಿಯಿಂದ ಬಂದುದು ಗಮನಾರ್ಹ. ಆದರೆ ವಿನಾಯಿತಿ ಹಕ್ಕಲ್ಲ. ಶಾಲೆಯಲ್ಲಿ ಶುಲ್ಕದ ವಿನಾಯಿತಿ ಪಡೆದ ಮಗುವಿಗೆ ಇದು ಗೊತ್ತಿರುತ್ತದೆ.

ಅದೇ ವರ್ಷದ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಪೀಠವೊಂದು, ಶಿಕ್ಷೆ ಅನುಭವಿಸಿದ್ದ ಒಬ್ಬ ಶ್ರೀಲಂಕಾ ತಮಿಳನು ತನ್ನನ್ನು ದೇಶದಿಂದ ಹೊರಗೆ ಕಳುಹಿಸಬೇಡಿರೆಂದು ಕೇಳಿದಾಗ, ಈ ದೇಶ ಎಲ್ಲರನ್ನೂ ಇರಿಸಿಕೊಳ್ಳುವ ಧರ್ಮಶಾಲೆಯಲ್ಲವೆಂಬ ಅರ್ಥದ ಮಾತು ಹೇಳಿತು. ತೀರ್ಪಿನ ನ್ಯಾಯಾನ್ಯಾಯ ನಮ್ಮ ವಿಷಯವಲ್ಲ. ಆ ಮನುಷ್ಯನ ಮೇಲಿದ್ದುದು ಸಣ್ಣ ಅಪರಾಧವೂ ಅಲ್ಲ. ನಾವು ವಿಮರ್ಶಿಸುವುದು ರೂಪಕವನ್ನು. ರೂಪಕವೆಂದರೆ ಹೋಲಿಕೆ, ಹೋಲುವ ಧರ್ಮ ಎರಡರಲ್ಲೂ ಇರಬೇಕೆಂದು ಅಲಂಕಾರಶಾಸ್ತ್ರ ಹೇಳುತ್ತದೆ. ಧರ್ಮಶಾಲೆಗೆ, ನಮ್ಮ ಕಡೆಯ ಮಾತಿನಲ್ಲಿ ಛತ್ರಕ್ಕೆ, ಬರುವವನು ದ್ವಾರದಲ್ಲಿ ಚಾಪೆ ಹಾಸಿ ಒಂದೆರಡು ರಾತ್ರಿ ಕಳೆದು ಮುಂದಿನ ಊರಿಗೆ ಹೋಗುವ ಯಾತ್ರಿಕ. ಅವನಿಗೆ ಹಿಂದೆಯೂ ಮನೆಯುಂಟು, ಮುಂದೆಯೂ ಮನೆಯುಂಟು. ಮಂಡಪಂ ಶಿಬಿರದಲ್ಲಿ ಹುಟ್ಟಿ ಮೂವತ್ತು ದಾಟಿದವನು ಯಾವ ಯಾತ್ರೆಯ ಮಧ್ಯದಲ್ಲಿದ್ದಾನೆ? ರೂಪಕ ಹಿಡಿದದ್ದು ಒಬ್ಬ ಅರ್ಜಿದಾರನನ್ನಾದರೂ ಅದು ಪತ್ರಿಕೆಗಳ ಮೂಲಕ ಹೋಗಿ ತಗಲಿದುದು ಅವನಂಥ ಎಲ್ಲರಿಗೂ. ಇನ್ನೊಂದು ವಿನೋದವೂ ಇದೆ. ಟಿಬೆಟ್ಟಿನವರ ದಲಾಯಿ ಲಾಮಾ 1960ರಿಂದ ನೆಲಸಿರುವ ಊರಿನ ಹೆಸರೇ ಧರ್ಮಶಾಲೆ.

ಟಿಬೆಟ್ಟಿನವರ ಮಾತು ಬಂದುದರಿಂದ ಕುಟ್ಟ ದಾಟಿ ಕೊಡಗಿನ ಆಚೆಗೊಂದು ಹೆಜ್ಜೆ ಹೋಗಬಹುದು. ಬೈಲಕುಪ್ಪೆಯಲ್ಲಿ 1960–61ರಲ್ಲಿ ಮೈಸೂರು ಸರ್ಕಾರ ಸುಮಾರು ಮೂರು ಸಾವಿರ ಎಕರೆ ಕಾಡು ನೆಲವನ್ನು ಇವರಿಗೆ ಬಿಟ್ಟುಕೊಟ್ಟಿತು. ಗುರುವನ್ನು ಸರ್ಕಾರ ‘ಗೌರವಾನ್ವಿತ ಅತಿಥಿ’ ಎಂದಿತು. ಶಿಷ್ಯರಿಗೆ ಪ್ರತಿ ಬಾರಿ ನವೀಕರಿಸಬೇಕಾದ ನೋಂದಣಿ ಪತ್ರ ಕೊಟ್ಟಿತು, ಅದರಲ್ಲಿ ಅವರು ವಿದೇಶೀಯರು. ನೆಲ ಹಸನಾಗಿ ಜೋಳ ಬೆಳೆದು, ಬಂಗಾರದ ಬುದ್ಧನ ಗುಡಿಗೆ ನಾಡೆಲ್ಲ ನೋಡಲು ಹೋಗುವಂತಾಗಿದ್ದರೂ, ಅಲ್ಲಿಯ ಒಂದೊಂದು ಹಳ್ಳಿಗೂ ಜನ ಹೇಳುವ ಹೆಸರು ‘ಕ್ಯಾಂಪು’: ಒಂದನೆಯ ಕ್ಯಾಂಪು, ನಾಲ್ಕನೆಯ ಕ್ಯಾಂಪು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರೆಂದು 2010ರಲ್ಲಿ ದೆಹಲಿಯ, 2013ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯಗಳು ಹೇಳಬೇಕಾಯಿತು. ಕಾಯಿದೆಯಲ್ಲಿ ಮೊದಲಿನಿಂದಲೂ ಇದ್ದುದನ್ನು ಇಷ್ಟು ತಡವಾಗಿ ಹೇಳಬೇಕಾದದ್ದು ‘ಅತಿಥಿ’ ಎಂಬ ಸವಿಮಾತಿನ ಪರಿಣಾಮ. ಅತಿಥಿಗೆ ಪೂಜೆಯುಂಟು, ಪಾಲಿಲ್ಲ. ಕೇರಳ ಸರ್ಕಾರ ಬಂಗಾಳ, ಬಿಹಾರ, ಅಸ್ಸಾಮುಗಳಿಂದ ದುಡಿಯಲು ಬಂದವರಿಗೆ ‘ಅತಿಥಿ ತೊಳಿಲಾಳಿ’ ಎಂಬ ಹೆಸರಿಟ್ಟಾಗಲೂ ನಮಗೆ ಹೀಗೆಯೇ ಅನ್ನಿಸಿತು. ಇವರು ಈ ದೇಶದ ಪೌರರು; ಸ್ವಂತ ಮನೆಯ ಇನ್ನೊಂದು ಕೋಣೆಗೆ ಬಂದವನು ಅತಿಥಿ ಹೇಗಾದಾನು?

ವಯನಾಡಿನ ನೆಲದ ಮೇಲೇ ನಿಂತು ನೋಡುವವರಿಗೆ ಇದಕ್ಕಿಂತ ತೀಕ್ಷ್ಣವಾದ ಇನ್ನೊಂದು ಜೋಡಿ ಪದ ಕೈಗೆ ಸಿಗುತ್ತದೆ. ಮಲೆಯಾಳದಲ್ಲಿ ‘ಕುಡಿಯೇಟ್ಟಂ’ ಎಂದರೆ ಒಕ್ಕಲು ಹೋಗಿ ನೆಲಸುವುದು, ‘ಕೈಯೇಟ್ಟಂ’ ಎಂದರೆ ಅತಿಕ್ರಮಣ. ಪ್ರಾಸದಂತಿರುವ ಈ ಎರಡು ಪದಗಳ ನಡುವೆ ಒಂದು ಅಕ್ಷರದಷ್ಟು ಅಂತರ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ತಿರುವಾಂಕೂರಿನಿಂದ ರೈತರು ಮಲಬಾರಿಗೂ ವಯನಾಡಿಗೂ ಏರಿ ಬಂದು ಕಾಡು ಕಡಿದು ಬೆಳೆ ತೆಗೆದರು. ಅದು ಕುಡಿಯೇಟ್ಟಂ. ಅವರ ಕಷ್ಟವನ್ನು ಕುರಿತು ಎಸ್. ಕೆ. ಪೊಟ್ಟೆಕ್ಕಾಟರು 1948ರಲ್ಲಿ ಬರೆದ ‘ವಿಷಕನ್ಯಕ’ ಹೆಸರಾಂತ ಕಾದಂಬರಿ. ಅಲ್ಲಿ ಮೋಹಿಸಿ ಕೊಲ್ಲುವ ವಿಷಕನ್ಯೆ ಮಲಬಾರಿನ ಮಣ್ಣೇ. ಅದೇ ಮಣ್ಣು ಮೊದಲಿನಿಂದ ಯಾರ ತಾಯಿಯಾಗಿತ್ತೋ ಅವರಿಗೆ ಈ ರೂಪಕ ಹೇಗೆ ಕೇಳಿಸೀತು? 2003ರ ಆರಂಭದಲ್ಲಿ ಸಿ. ಕೆ. ಜಾನು ಅವರ ಮುಂದಾಳ್ತನದಲ್ಲಿ ಆದಿವಾಸಿಗಳು ಮುತ್ತಂಗದ ಕಾಡಿನಲ್ಲಿ ಗುಡಿಸಲು ಹಾಕಿದಾಗ ಅದು ಕೈಯೇಟ್ಟಂ ಆಯಿತು. ಫೆಬ್ರವರಿ 19ರಂದು ಪೊಲೀಸರ ಗುಂಡು ಹಾರಿತು, ಒಬ್ಬ ಆದಿವಾಸಿಯೂ ಒಬ್ಬ ಪೊಲೀಸನೂ ಸತ್ತರು. ಹೊರಗಿನಿಂದ ಬಂದವನ ಕೆಲಸಕ್ಕೆ ವಲಸೆಯ ಸಾಹಸವೆಂಬ ಹೆಸರು, ಒಳಗಿನವನ ಕೆಲಸಕ್ಕೆ ಅತಿಕ್ರಮಣವೆಂಬ ಹೆಸರು. ತಿರುವಾಂಕೂರಿನ ರೈತನ ಬೆವರನ್ನು ನಾವು ಕಡಮೆ ಮಾಡುತ್ತಿಲ್ಲ. ಒಂದೇ ತರದ ಗುಡಿಸಲಿಗೆ ಎರಡು ಹೆಸರಿದ್ದಾಗ ಒಂದಕ್ಕೆ ಪಟ್ಟೆ ಸಿಗುತ್ತದೆ, ಇನ್ನೊಂದಕ್ಕೆ ಪೊಲೀಸು ಬರುತ್ತದೆ ಎಂಬಷ್ಟನ್ನು ಹೇಳುತ್ತಿದ್ದೇವೆ.

ಪತ್ರಿಕೆಯವರ ಇನ್ನೊಂದು ರೂಢಿಯ ಮೇಲೂ ಒಂದು ಮಾತು ಹೇಳಬೇಕು. ಗಡಿ ದಾಟಿ ಬರುವ ಜನಕ್ಕೆ ‘ಪ್ರವಾಹ’, ‘ಮಹಾಪೂರ’ ಎಂದು ಬರೆಯುವುದು. 2024ರ ಜುಲೈ 30ರ ರಾತ್ರಿ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟವೇ ನೀರಾಗಿ ಇಳಿದುದನ್ನು ಕಂಡ ಈ ಜಿಲ್ಲೆಯವರು ಆ ಪದವನ್ನು ಹಗುರವಾಗಿ ಬಳಸಲಾರರು. ಪ್ರವಾಹಕ್ಕೆ ಕಿವಿಯಿಲ್ಲ, ಅದರೊಡನೆ ಮಾತಿಲ್ಲ. ಒಡ್ಡು ಕಟ್ಟುವುದೊಂದೇ ಉಪಾಯ. ಜನವನ್ನು ನೀರೆಂದು ಕರೆದ ಬರಹಗಾರನು ಅರಿತೋ ಅರಿಯದೆಯೋ ಒಡ್ಡಿನ ಪರವಾಗಿ ಮತ ಹಾಕಿರುತ್ತಾನೆ. ಆ ದಿನಗಳಲ್ಲಿ ನಮ್ಮೂರ ಶಾಲೆಗಳಲ್ಲಿ ತೆರೆದವುಗಳನ್ನು ಮಲೆಯಾಳದಲ್ಲಿ ‘ದುರಿತಾಶ್ವಾಸ’ ಶಿಬಿರ ಎಂದರು. ಕನ್ನಡದಲ್ಲಿ ಇಂಥವಕ್ಕೆ ‘ನಿರಾಶ್ರಿತರ ಶಿಬಿರ’ ಎಂಬ ರೂಢಿಯುಂಟು. ಒಂದು ಹೆಸರು ಮಾಡಬೇಕಾದ ಕೆಲಸವನ್ನು ಹೇಳುತ್ತದೆ, ಇನ್ನೊಂದು ಬಂದವನ ಹಣೆಗೆ ಚೀಟಿ ಅಂಟಿಸುತ್ತದೆ.

ಮಾತಿನಿಂದ ಹೊಟ್ಟೆ ತುಂಬುತ್ತದೆಯೆ ಎಂದು ಕೇಳುವ ಮಿತ್ರರಿದ್ದಾರೆ. ಅವರಿಗಾಗಿ ಸುಳ್ಯಕ್ಕೆ ಮರಳೋಣ. ಅಲ್ಲಿಯ ತೋಟದ ಜನರಲ್ಲಿ ಹಲವರು ಪರಿಶಿಷ್ಟ ಜಾತಿಗಳವರು. ಜಾತಿಯ ಪ್ರಮಾಣಪತ್ರಕ್ಕಾಗಿ ಅವರು ವರ್ಷಗಟ್ಟಳೆ ಕಚೇರಿ ಅಲೆದ ಸಂಗತಿ ಪತ್ರಿಕೆಗಳಲ್ಲಿ ಬಂದಿದೆ. ಆ ಪತ್ರ ಕೊಡುವಾಗ ಸಾಮಾನ್ಯವಾಗಿ ನೋಡುವುದು ರಾಷ್ಟ್ರಪತಿಗಳ ಆಜ್ಞೆ ಹೊರಟ 1950ರ ಆಗಸ್ಟ್ 10ರಂದು ಕುಟುಂಬ ಎಲ್ಲಿ ವಾಸವಾಗಿತ್ತು ಎಂಬುದನ್ನು. ಆ ದಿನ ಇವರ ಅಜ್ಜಂದಿರು ಸಿಂಹಳದ ಬೆಟ್ಟದಲ್ಲಿ ಚಹಾ ಎಲೆ ಕೀಳುತ್ತಿದ್ದರು. ಒಪ್ಪಂದದ ಕಾಗದ ಇವರನ್ನು ಭಾರತೀಯ ಮೂಲದವರೆಂದು ಹಡಗು ಹತ್ತಿಸುತ್ತದೆ. ಕಚೇರಿಯ ಕಾಗದ ಮೂಲ ತೋರಿಸಿರೆಂದು ಹಿಂದಕ್ಕೆ ಕಳುಹಿಸುತ್ತದೆ. ಮೇಜಿನ ಆಚೆ ಕುಳಿತ ಗುಮಾಸ್ತನು ಬೆಳಗ್ಗೆ ಓದಿದ ಪತ್ರಿಕೆಯಲ್ಲಿ ಇವರು ‘ನಿರಾಶ್ರಿತರು’. ಅವನ ಮನಸ್ಸಿನಲ್ಲಿ ಇವರು ಕೇಳುತ್ತಿರುವುದು ಪೌರನ ಹಕ್ಕೋ, ಆಶ್ರಿತನ ಭಿಕ್ಷೆಯೋ?

ಆದುದರಿಂದ ಕನ್ನಡದಲ್ಲಿ ಬರೆಯುವವರಿಗೆ, ಮುಖ್ಯವಾಗಿ ಸುದ್ದಿ ಬರೆಯುವವರಿಗೆ, ನಮ್ಮ ಸಲಹೆ ಇಷ್ಟು. ಕಂಬಮಲೆಯವರನ್ನೂ ಸುಳ್ಯದವರನ್ನೂ ತೋಟದ ಕಾರ್ಮಿಕರೆಂದು ಬರೆಯಿರಿ. ಇತಿಹಾಸ ಹೇಳಬೇಕಾದರೆ 1964ರ ಒಪ್ಪಂದದಲ್ಲಿ ಬಂದವರೆಂದು ಒಂದು ವಾಕ್ಯ ಸೇರಿಸಿರಿ. ಜೀವಭಯದಿಂದ ಗಡಿ ದಾಟಿದವರಿಗೆ ನೆರೆಯ ಭಾಷೆಯ ‘ಅಭಯಾರ್ಥಿ’ಯನ್ನು ಎರವಲು ತರಬಹುದು, ಸಂಸ್ಕೃತದ ಮಾತಾದುದರಿಂದ ಕನ್ನಡಕ್ಕೆ ಅದು ಪರಕೀಯವೂ ಅಲ್ಲ. ‘ಮರೆಹೊಕ್ಕವರು’ ನಮ್ಮದೇ ಮಾತು, ನಮಗೆ ಹೆಚ್ಚು ಪ್ರಿಯವಾದದ್ದು. ಪತ್ರಿಕೆಯ ತಲೆಬರಹಕ್ಕೆ ಉದ್ದವಾಯಿತೆಂಬ ಆಕ್ಷೇಪ ಬಂದೀತು. ಎಣಿಸಿ ನೋಡಿದೆವು: ‘ನಿರಾಶ್ರಿತರು’ ಎಂಬುದಕ್ಕೆ ಐದು ಅಕ್ಷರ, ‘ಮರೆಹೊಕ್ಕವರು’ ಎಂಬುದಕ್ಕೆ ಆರು.